ಹಣ್ಣಾಗದ ಹುಳು

ಹುಳು ಹಣ್ಣಾಗುವುದನ್ನು ಜಯಶೀಲ ಕಾಯತೊಡಗಿ ಅಂದಿಗೆ ಹನ್ನೊಂದನೆಯ ದಿನ. ಕಾಯಬೇಕಾಗಿದ್ದದ್ದು ಏಳೇ ದಿನ.

ರೇಷ್ಮೆ ಸಾಕುವವರ ಲೆಕ್ಕದಲ್ಲಿ ಹುಳುವಿನ ಬಾಳಿಗೆ ನಾಲ್ಕು ಜ್ವರ. ಪೊರೆ ಬಿಡುವ ಮುಂಚೆ ಅದು ತಿನ್ನದೆ, ಅಲುಗದೆ, ತಲೆ ಎತ್ತಿಕೊಂಡು ಒಂದು ದಿನ ಸುಮ್ಮನೆ ಕೂತುಬಿಡುತ್ತದೆ. ಅದಕ್ಕೆ ಜ್ವರವೆಂದೇ ಹೆಸರು. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿಗೆ ರಾಕ್ಷಸ ಹಸಿವು. ಏಳು ದಿನ ಬಿಡುವಿಲ್ಲದೆ ಹಿಪ್ಪುನೇರಳೆ ಸೊಪ್ಪು ಮೇದು, ಎಂಟನೆಯ ದಿನ ಯಾರೋ ಕರೆದ ಹಾಗೆ ತಿನ್ನುವುದನ್ನು ನಿಲ್ಲಿಸುತ್ತದೆ. ಮೈ ಮಾಗಿದ ದ್ರಾಕ್ಷಿಯಂತೆ ತಿಳಿಯಾಗುತ್ತದೆ. ಹಣ್ಣಾಯಿತು ಎನ್ನುವುದು ಅದಕ್ಕೇ. ಹಣ್ಣಾದ ಹುಳುವನ್ನು ಆರಿಸಿ, ಬಿದಿರಿನ ಸುರುಳಿ ಕಟ್ಟಿದ ಚಂದ್ರಿಕೆಯ ಮೇಲೆ ಬಿಟ್ಟರೆ ಮೂರು ದಿನದಲ್ಲಿ ಗೂಡು.

ಕಲ್ಲುದೊಡ್ಡಿಯ ಬಿತ್ತನೆ ಕೇಂದ್ರದಲ್ಲಿ ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡಿಕೊಂಡು ಬಂದ ಜಯಶೀಲಳ ಮುಂದೆ ಈಗ ಆರು ತಟ್ಟೆಗಳಿದ್ದವು. ತಟ್ಟೆಯ ತುಂಬ ಹೆಬ್ಬೆರಳ ಗಾತ್ರದ, ಹಾಲುಬಿಳುಪಿನ, ನೋಡಿದರೆ ದೃಷ್ಟಿಯಾಗಬೇಕು ಅನ್ನುವಂಥ ಹುಳುಗಳು. ಒಂದರ ಮೈಯೂ ತಿಳಿಯಾಗಿರಲಿಲ್ಲ.

“ಏನವ್ವಾ ಶೀಲಾ, ಇವು ಹಣ್ಣಾಗೋದು ಮೊದ್ಲೋ, ನನ್ನ ಮಣ್ಣಿಗಿಡೋದು ಮೊದ್ಲೋ?” ಎಂದಳು ಸಣ್ಣತಾಯಮ್ಮ. ಹಣ್ಣು ಹುಳು ಆರಿಸಲು ಬರುವ ಕೂಲಿಯವಳು. ಆರಿಸುವುದರಲ್ಲಿ ಅವಳ ಕಣ್ಣನ್ನು ಮೀರಿಸುವವರು ಸುತ್ತಲಲ್ಲಿ ಇರಲಿಲ್ಲ. ನಾಲ್ಕು ದಿನದಿಂದ ಬಂದು, ಬರಿಗೈಯಲ್ಲಿ ಕೂತು, ಎಲೆಯಡಿಕೆ ಹಾಕಿಕೊಂಡು ಹೋಗುತ್ತಿದ್ದಳು.

“ನೀವೇ ನೋಡಿ ಹೇಳಿ ಅತ್ತೆ.”

ಸಣ್ಣತಾಯಮ್ಮ ಮೂರನೆಯ ತಟ್ಟೆಯ ಮೇಲೆ ಬಗ್ಗಿದಳು. ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ. ಆಮೇಲೆ ಒಂದು ಹುಳುವಿನ ಬೆನ್ನನ್ನು ಬೆರಳ ತುದಿಯಿಂದ ಮುಟ್ಟಿದಳು. ಅದು ಅಲುಗಲಿಲ್ಲ. ತಲೆ ಎತ್ತಿಕೊಂಡು ಕೂತಿತ್ತು. ಪಕ್ಕದ್ದೂ ಹಾಗೇ. ಅದರ ಪಕ್ಕದ್ದೂ.

“ಕೂತವೆ ಕಣವ್ವಾ,” ಎಂದಳು ಮೆಲ್ಲಗೆ. “ಐದನೇ ಜ್ವರಕ್ಕೆ ಕೂತವೆ.”

ಐದನೆಯ ಜ್ವರ ಎನ್ನುವುದು ಇರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ, ಸಣ್ಣತಾಯಮ್ಮನ ತಾಯಿ ಅಜ್ಜಿಯರ ಬಾಯಲ್ಲೂ ಇರಲಿಲ್ಲ.

*

ಅಜರ ಬಂದು ಆಗ ಹನ್ನೆರಡು ವರ್ಷವಾಗಿತ್ತು.

ಮೊದಲು ಅದು ಬಂದದ್ದು ಕೊತ್ತಂಬರಿ ಸೊಪ್ಪಿಗೆ. ಒಂದು ಕೊಡ ನೀರಿಗೆ ಒಂದು ಮುಚ್ಚಳ ಹಾಕಿ ಚಿಮುಕಿಸಿದರೆ ಕಿತ್ತ ಸೊಪ್ಪು ಇಪ್ಪತ್ತು ದಿನ ಬಾಡುತ್ತಿರಲಿಲ್ಲ. ಎಲೆಗೆ ಮುಪ್ಪು ಬರುವುದು ಸುಮ್ಮನೆ ಅಲ್ಲ, ಬೇರಿನಿಂದ ಬರುವ ಒಂದು ಸಂದೇಶ ನಿಂತಾಗ ಎಲೆ ತನ್ನ ಹಸಿರನ್ನು ತಾನೇ ಕಳಚಿಕೊಳ್ಳತೊಡಗುತ್ತದೆ. ಅಜರ ಆ ಸಂದೇಶದ ನಕಲು. ಎಲೆಗೆ, ನಿನಗಿನ್ನೂ ವಯಸ್ಸಾಗಿಲ್ಲ ಎಂದು ಹೇಳುತ್ತಲೇ ಇರುವ ರಸಾಯನ. ಅದನ್ನು ಮಾಡಿದವರ ಜಾಣತನ ಇದ್ದದ್ದು ಇನ್ನೊಂದು ಕಡೆ: ಒಂದು ಸಲ ಒಳಗೆ ಹೋದರೆ ಸಾಕು, ಆಮೇಲೆ ಗಿಡವೇ ಅದನ್ನು ತಯಾರಿಸಿಕೊಳ್ಳುತ್ತಿತ್ತು. ಒಲೆ ಹೊತ್ತಿಸಲು ಒಂದೇ ಕಡ್ಡಿ ಬೇಕು, ದಿನವೂ ಕಡ್ಡಿ ಗೀರಬೇಕಿಲ್ಲವಲ್ಲ, ಹಾಗೆ.

ಹೊತ್ತಿಸಿದ ಮೇಲೆ ಆರಿಸುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಬೇರಿಗೆ ಬೇರು ತಾಗಿದರೆ ಅದು ದಾಟುತ್ತಿತ್ತು. ಕಸಿ ಕಟ್ಟಿದರೆ ದಾಟುತ್ತಿತ್ತು. ಒಂದು ಗಿಡ ಕತ್ತರಿಸಿದ ಕುಡುಗೋಲಿನಿಂದ ಇನ್ನೊಂದನ್ನು ಕತ್ತರಿಸಿದರೂ ದಾಟುತ್ತಿತ್ತು. ಕಡ್ಡಿ ನೆಟ್ಟು ಬೆಳೆಸುವ ಹಿಪ್ಪುನೇರಳೆಯಂತೂ ಐದು ವರ್ಷದಲ್ಲಿ ಕಡ್ಡಿಯಿಂದ ಕಡ್ಡಿಗೆ ಜಿಲ್ಲೆಯನ್ನೆಲ್ಲ ಸುತ್ತಿಬಂತು. ರಸ್ತೆಬದಿಯ ಹೊಂಗೆಗಳು ಎಲೆ ಉದುರಿಸುವುದನ್ನು ಬಿಟ್ಟವು. ಹಳೆಯದು ಜಾಗ ಬಿಡದ ಮೇಲೆ ಹೊಸದು ಎಲ್ಲಿ ಬಂದೀತು? ಯುಗಾದಿಯ ದಿನ ಜನ ಮಾವಿನ ಮರದ ಕೆಳಗೆ ನಿಂತು ಮೇಲೆ ನೋಡಿದರೆ ಕೆಂಪು ಚಿಗುರಿಲ್ಲ, ಹೋದ ವರ್ಷದ ಎಲೆಯನ್ನೇ ತೋರಣಕ್ಕೆ ಕಟ್ಟಿದರು. ರಾಗಿಯ ಪೈರು ಕಟಾವಿನ ದಿನವೂ ಹಚ್ಚಗೆ ನಿಂತಿತು. ತೆನೆ ಮಾತ್ರ ಜೊಳ್ಳಾಯಿತು. ಸಾಯುವ ಎಲೆ ತನ್ನಲ್ಲಿದ್ದದ್ದನ್ನೆಲ್ಲ ಹಿಂಡಿ ಕಾಳಿಗೆ ಕೊಟ್ಟು ಹೋಗುತ್ತದೆ, ಸಾಯದ ಎಲೆ ತನ್ನದನ್ನು ತಾನೇ ಇಟ್ಟುಕೊಳ್ಳುತ್ತದೆ. ಆ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಬರುತ್ತಿರಲಿಲ್ಲ. ಜನ ಎರಡು ವರ್ಷ ಬೈದರು, ಮೂರನೆಯ ವರ್ಷ ದೂರದ ಊರುಗಳಿಂದ ಬರುವ ಹಿಟ್ಟಿಗೆ ಒಗ್ಗಿಕೊಂಡರು. ಆ ಊರುಗಳೂ ಒಂದೊಂದೇ ಕಡಿಮೆಯಾಗುತ್ತ ಬಂದವು.

ರೇಷ್ಮೆಯವರು ಮಾತ್ರ ಮೊದಮೊದಲು ಅಜರಕ್ಕೆ ಕೈಮುಗಿದಿದ್ದರು. ಬಾಡದ ಸೊಪ್ಪು ತಿಂದ ಹುಳು ಅರ್ಧ ದಿನ ಹೆಚ್ಚು ತಿನ್ನುತ್ತಿತ್ತು, ಗೂಡು ತೂಕ ಬರುತ್ತಿತ್ತು. ಅರ್ಧ ದಿನ ಒಂದು ದಿನವಾಯಿತು, ಒಂದು ಎರಡಾಯಿತು. ಹುಳುವಿನ ನೆತ್ತಿಯಲ್ಲಿ ಎಳೆತನವನ್ನು ಕಾಯುವ ಒಂದು ರಸವಿದೆ. ಅದು ಇಳಿದರೇನೇ ಹುಳು ಹಣ್ಣಾಗುವುದು. ಅಜರ ಅದರ ದೂರದ ದಾಯಾದಿ ಎಂದು ಗೊತ್ತಾಗುವ ಹೊತ್ತಿಗೆ ಉಳಿದ ತಳಿಗಳನ್ನು ಕಾರ್ಖಾನೆಯ ಹಿಟ್ಟಿನ ಮೇವಿಗೆ ಹಚ್ಚಿಯಾಗಿತ್ತು. ಹಳದಿ ಗೂಡಿನ ನಾಟಿ ತಳಿಯೊಂದು ಮಾತ್ರ ಹಿಟ್ಟನ್ನು ಮೂಸಿಯೂ ನೋಡಲಿಲ್ಲ. ಅದಕ್ಕೆ ಸೊಪ್ಪೇ ಬೇಕು.

ನಾಟಿ ತಳಿಗೆ ಇನ್ನೊಂದು ಕಷ್ಟವಿತ್ತು. ಬೇರೆ ತಳಿಗಳ ಮೊಟ್ಟೆಯನ್ನು ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಮಲಗಿಸಿಡಬಹುದು. ನಾಟಿಯ ಮೊಟ್ಟೆ ಮಲಗುವುದಿಲ್ಲ. ಹತ್ತೇ ದಿನಕ್ಕೆ ಒಡೆಯುತ್ತದೆ. ಮೊಟ್ಟೆ, ಹುಳು, ಗೂಡು, ಚಿಟ್ಟೆ, ಮತ್ತೆ ಮೊಟ್ಟೆ. ವರ್ಷಕ್ಕೆ ಆರು ಸುತ್ತು, ನಡುವೆ ಒಂದು ದಿನದ ಬಿಡುವಿಲ್ಲದೆ, ಯಾರ ಕಾಲದಿಂದಲೋ ಕೈಯಿಂದ ಕೈಗೆ ಬಂದ ಸರಪಳಿ. ಒಂದೇ ಒಂದು ಸುತ್ತು ಗೂಡು ಕಟ್ಟದೆ ಹೋದರೆ ಅಲ್ಲಿಗೆ ಮುಗಿಯಿತು. ಜಯಶೀಲಳ ಮುಂದಿದ್ದ ಆ ಆರು ತಟ್ಟೆಗಳ ಹೊರತು ಈ ತಳಿ ಇನ್ನೆಲ್ಲೂ ಉಳಿದಿರಲಿಲ್ಲ.

*

“ಹನ್ನೊಂದು ವರ್ಷದ ಆಯ್ಕೆ ಪುಸ್ತಕ ತನ್ನಿ,” ಎಂದರು ಡಾಕ್ಟರ್ ಮೃಣಾಲಿನಿ. ಕೇಂದ್ರದ ಮುಖ್ಯಸ್ಥೆ, ನಿವೃತ್ತಿಗೆ ಎಂಟು ತಿಂಗಳಿದ್ದವರು, ಕನ್ನಡಕ ಹಣೆಗೇರಿಸಿದರೆಂದರೆ ಏನೋ ಕೆಟ್ಟದ್ದು ಕಾದಿದೆ ಎಂದು ಅರ್ಥ.

ಪುಸ್ತಕದಲ್ಲಿದ್ದದ್ದೆಲ್ಲ ಜಯಶೀಲಳ ಅಕ್ಷರ. ಪ್ರತಿ ಸುತ್ತಿನಲ್ಲೂ ಗೂಡುಗಳನ್ನು ಒಂದೊಂದಾಗಿ ತಕ್ಕಡಿಗಿಟ್ಟು, ಗಟ್ಟಿಯಾದ, ತೂಕದ ಗೂಡನ್ನು ಮುಂದಿನ ಮೊಟ್ಟೆ ಇಡಿಸುವ ಬಿತ್ತನೆಗೆ, ಸಣ್ಣದನ್ನು ನೂಲಿಗೆ ಎಂದು ಬೇರೆ ಮಾಡುವುದು ಅವಳ ಕೆಲಸ. ಬಿತ್ತನೆಗೆ ಒಳ್ಳೆಯದನ್ನೇ ಇಡಬೇಕು ಎನ್ನುವುದನ್ನು ಈ ಕಸುಬಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

“ಅಜರ ನಮ್ಮ ಸೊಪ್ಪಿಗೆ ಬಂದ ಮೊದಲನೇ ವರ್ಷ ನೋಡಿ. ಎಲ್ಲ ಹುಳು ತಡವಾಗಿಲ್ಲ. ಏಳನೇ ದಿನಕ್ಕೇ ಹಣ್ಣಾದವು ಎಷ್ಟಿದ್ದವು?”

“ನೂರಕ್ಕೆ ಹನ್ನೆರಡು ಮೇಡಂ.”

“ಅವುಗಳ ಗೂಡು?”

“ಸಣ್ಣವು.” ಹೇಳಿ ಮುಗಿಸುವ ಮೊದಲೇ ಜಯಶೀಲಳಿಗೆ ಹೊಳೆಯಿತು. “ನೂಲಿಗೆ ಹಾಕಿದ್ವಿ.”

“ಎರಡನೇ ವರ್ಷ ನೂರಕ್ಕೆ ಏಳು. ನಾಲ್ಕನೇ ವರ್ಷ ಎರಡು. ಆಮೇಲೆ ಸೊನ್ನೆ.” ಮೃಣಾಲಿನಿ ಪುಸ್ತಕ ಮುಚ್ಚಿದರು. “ಆ ಹನ್ನೆರಡು ಹುಳಕ್ಕೆ ಅಜರ ನಾಟಿರಲಿಲ್ಲ ಜಯಶೀಲ. ಇಂಥ ಸೊಪ್ಪು ತಿಂದೂ ಹೊತ್ತಿಗೆ ಸರಿಯಾಗಿ ಹಣ್ಣಾಗೋ ಶಕ್ತಿ ಅವಕ್ಕಿತ್ತು. ಅವನ್ನೇ ಆರಿಸಿ ಆರಿಸಿ ಬಿಸಿನೀರಿಗೆ ಹಾಕಿದ್ವಿ. ತಡವಾಗಿ ಹಣ್ಣಾಗಿ ದಪ್ಪ ಗೂಡು ಕಟ್ಟಿದ್ದನ್ನ ಬಿತ್ತನೆಗೆ ಇಟ್ಕೊಂಡ್ವಿ. ಅರುವತ್ತು ತಲೆಮಾರು.”

“ತೂಕ ನೋಡಿದವಳು ನಾನು.”

“ಸಹಿ ಹಾಕಿದವಳು ನಾನು. ಅದನ್ನ ಹಂಚಿಕೊಂಡು ಏನು ಮಾಡೋಣ?” ಕನ್ನಡಕ ಕೆಳಗಿಳಿಸಿದರು. “ಅಜರ ಮುಟ್ಟದ ಮರ ಒಂದಾದರೂ ಎಲ್ಲಾದರೂ ಇದ್ದರೆ, ಮುಪ್ಪಾಗೋ ಎಲೆ ಸಿಕ್ಕಿದರೆ, ಇನ್ನೂ ಜ್ವರಕ್ಕೆ ಕೂತಿಲ್ಲದವು ಒಂದಷ್ಟು ಹಣ್ಣಾಗಬಹುದು. ನಾಲ್ಕು ದಿನದ ಒಳಗೆ.”

ಮರ ಹುಡುಕಲು ಎಲ್ಲೆಲ್ಲಿಗೋ ಫೋನು ಹೋಯಿತು. ಎಲ್ಲ ಕಡೆಯಿಂದಲೂ ಹಸಿರು ಎಲೆಯ ಫೋಟೊ ಬಂತು.

*

ಮನೆಯಲ್ಲಿ ಜಯಶೀಲಳ ಗಂಡ ತಿಮ್ಮರಾಜು ರೊಟ್ಟಿ ಮುರಿಯುತ್ತ ಕೂತಿದ್ದ. ರಾಮನಗರದ ಬೀದಿಗಳಲ್ಲಿ ಸ್ಕೂಟರಿನ ಹಿಂದೆ ಕುಕ್ಕೆ ಕಟ್ಟಿಕೊಂಡು ಸೊಪ್ಪು ಮಾರುವವನು. ಅಜರ ಬರುವ ಮುಂಚೆ ಅವನು ಬೆಳಗಿನ ಮೂರಕ್ಕೆ ಎದ್ದು ಮಂಡಿಗೆ ಓಡಬೇಕಿತ್ತು, ಸಂಜೆ ಉಳಿದದ್ದನ್ನು ದನಕ್ಕೆ ಸುರಿಯಬೇಕಿತ್ತು. ಈಗ ವಾರಕ್ಕೊಮ್ಮೆ ಮಂಡಿಗೆ ಹೋದರೆ ಸಾಕು. ಮಗಳು ಲಿಖಿತಾ ಹುಟ್ಟಿದ ಮೇಲೆ ಅವನು ಬೆಳಕು ಹರಿಯುವ ತನಕ ಮಲಗಿದ್ದೇ ಅಜರದ ದಯೆಯಿಂದ.

“ಎಲ್ಲಾದ್ರೂ ಒಂದ್ ಎಲೆ ಮುದಿಯಾಗ್ಲಿ ಅಂತ ಕಾಯ್ತಿದೀಯಂತೆ,” ಎಂದ. “ಸಣ್ಣತಾಯತ್ತೆ ಹೇಳ್ತು. ನಿನ್ ಹುಳ ಮುದಿಯಾಗ್ಲಿ ಅಂತ ನನ್ ಸೊಪ್ಪೂ ಮುದಿಯಾಗ್ಬೇಕಾ?”

“ನಿಮ್ಮ ಸೊಪ್ಪಿಗೆ ಏನೂ ಆಗಲ್ಲ. ತಿನ್ನಿ.”

“ಅಲ್ಲ ಕಣೆ, ನಾವೂ ಮುದಿ ಆಗ್ತಿದೀವಲ್ಲ, ನಮ್ಮನ್ನ ಯಾರು ಕೇಳ್ತಾರೆ?” ನಗಿಸಲು ನೋಡಿದ. ಅವಳು ನಗಲಿಲ್ಲ. ಊಟದ ತಟ್ಟೆಯ ಮುಂದೆ ಕೂತು ತಾನು ಹನ್ನೊಂದು ವರ್ಷ ಮಾಡಿದ್ದನ್ನು ಹೇಳಿದಳು.

ತಿಮ್ಮರಾಜು ರೊಟ್ಟಿ ಕೆಳಗಿಟ್ಟ.

ಮರುದಿನ ಮಧ್ಯಾಹ್ನ ಅವನು ಸೀದಾ ಕೇಂದ್ರಕ್ಕೇ ಬಂದ. ಲಿಖಿತಾಳನ್ನು ಶಾಲೆಯಿಂದ ಕರೆದುಕೊಂಡು ಬರುವ ಹೊತ್ತು; ಅವಳೂ ಹಿಂದೆ ಕೂತಿದ್ದಳು. ಅಂಗಿಯ ಜೇಬಿನಿಂದ ಒಂದು ಎಲೆ ತೆಗೆದು ಹೆಂಡತಿಯ ಅಂಗೈಗಿಟ್ಟ. ಹಿಪ್ಪುನೇರಳೆ ಎಲೆ. ಅರಿಸಿನದ ಬಣ್ಣ, ಅಂಚಿನಲ್ಲಿ ಕಂದು.

“ಇದಕ್ಕೆ ಏನು ಕಾಯಿಲೆ ಅಮ್ಮಾ?” ಎಂದಳು ಲಿಖಿತಾ. ಹತ್ತು ವರ್ಷದ ಹುಡುಗಿ. ಹಣ್ಣೆಲೆಯನ್ನು ಅವಳು ಆ ತನಕ ನೋಡಿರಲಿಲ್ಲ.

ಜಯಶೀಲ ಎಲೆಯನ್ನು ಮೂಗಿಗೆ ಹಿಡಿದು ಹಾಗೇ ನಿಂತಳು.

“ಅಮೀರ್‌ಜಾನ್ ಸಾಬರ ಹಿತ್ತಲು,” ಎಂದ ತಿಮ್ಮರಾಜು. “ಮೆಂತ್ಯ ತಗೊಳ್ತಾ, ದಿನಾ ಎಲೆ ಗುಡಿಸಿ ಗುಡಿಸಿ ಸೊಂಟ ಹೋಯ್ತು ಕಣಪ್ಪಾ ಅಂದ್ರು. ಯಾವ ಎಲೆ ಸಾಬ್ರೆ ಅಂದೆ.”

*

ಅಮೀರ್‌ಜಾನ್ ನಲವತ್ತು ವರ್ಷ ಗೂಡಿನಿಂದ ನೂಲು ಬಿಚ್ಚಿದವರು. ಕಾರ್ಖಾನೆ ಮುಚ್ಚಿ ಒಂಬತ್ತು ವರ್ಷವಾಗಿತ್ತು. ಹಿತ್ತಲಿಗೆ ನಾಲ್ಕೂ ಕಡೆ ಗೋಡೆ, ನೆಲಕ್ಕೆಲ್ಲ ಕಲ್ಲುಚಪ್ಪಡಿ. ನಡುವೆ ಅವರ ತಂದೆ ನೆಟ್ಟ ಒಂದು ಹಿಪ್ಪುನೇರಳೆ, ಗಿಡವಾಗಿ ಕತ್ತರಿಸಿಕೊಳ್ಳದೆ ಮರವಾಗಿ ಬೆಳೆದದ್ದು. ಅದರ ಬೇರಿಗೆ ಬೇರೆ ಬೇರು ತಾಗಿರಲಿಲ್ಲ, ಅದರ ಕೊಂಬೆಗೆ ಯಾರ ಕತ್ತಿಯೂ ತಾಗಿರಲಿಲ್ಲ. ಚಪ್ಪಡಿಯ ಮೇಲೆ ಹತ್ತಾರು ಹಳದಿ ಎಲೆಗಳು ಬಿದ್ದಿದ್ದವು.

“ಗೂಡು ನೋಡಿದೀನಿ ತಾಯಿ, ಲಕ್ಷಗಟ್ಲೆ,” ಎಂದರು. “ಜೀವಂತ ಹುಳ ಹತ್ರದಿಂದ ನೋಡಿದ್ದು ಇಲ್ಲ. ನಮ್ಮ ಕೈಗೆ ಬರೋದು ಕುದಿಯೋಕೆ ಹಾಕೋದೇ ಅಲ್ವಾ? ತಗೊಂಡೋಗಿ, ಎಷ್ಟು ಬೇಕೋ ಅಷ್ಟು. ಆ ಪಾಪ ಸ್ವಲ್ಪ ಕಳೀಲಿ.”

ಜಯಶೀಲ ದಿನವೂ ಎರಡು ಹೊತ್ತು ಬಂದಳು. ಬಾಗಿಲಲ್ಲೇ ಸೀಗೆಪುಡಿ ಹಾಕಿ ಮೊಣಕೈವರೆಗೆ ತೊಳೆದುಕೊಂಡು, ಹೊಸ ಬಟ್ಟೆಚೀಲ ಹಿಡಿದು, ಬರಿಗೈಯಿಂದ ತೊಟ್ಟು ಮುರಿದು ಬಲಿತ ಎಲೆಗಳನ್ನು ಕೀಳುತ್ತಿದ್ದಳು. ಕತ್ತಿ ಮುಟ್ಟಿಸಬಾರದು ಎಂದು ಅಮೀರ್‌ಜಾನ್‌ಗೂ ಹೇಳಿದ್ದಳು.

ಆರು ತಟ್ಟೆಯಲ್ಲಿ ನಾಲ್ಕು ತಟ್ಟೆಯ ಹುಳುಗಳು ಆಗಲೇ ಜ್ವರಕ್ಕೆ ಕೂತಿದ್ದವು. ಅವು ಏಳಲೇ ಇಲ್ಲ, ಕೂತಲ್ಲೇ ಕಪ್ಪಾದವು. ಉಳಿದೆರಡರಲ್ಲಿ ಬಹಳಷ್ಟು ಹೊಸ ಸೊಪ್ಪು ತಿಂದು ಮೈ ಮೆತ್ತಗಾಗುವ ಸಪ್ಪೆ ರೋಗ ಬಂದು ಸತ್ತವು. ಐದನೆಯ ದಿನ ಬೆಳಿಗ್ಗೆ ಸಣ್ಣತಾಯಮ್ಮ ಒಂದು ಹುಳುವನ್ನು ಬೆಳಕಿಗೆ ಹಿಡಿದಳು. ಅದನ್ನು ಜಯಶೀಲಳ ಕೈಗೆ ದಾಟಿಸಿದಳು. ಬೆಳಕು ಅದರ ಮೈಯೊಳಗಿಂದ ಹಾದುಬರುತ್ತಿತ್ತು.

ಇಪ್ಪತ್ತಾರು ಹುಳುಗಳು ಗೂಡು ಕಟ್ಟಿದವು. ತೆಳುವಾದ, ಒತ್ತಿದರೆ ನುಗ್ಗುವ ಗೂಡುಗಳು. ಜಯಶೀಲ ಒಂದನ್ನೂ ತಕ್ಕಡಿಗಿಡಲಿಲ್ಲ. ಒಂಬತ್ತು ಚಿಟ್ಟೆ ಹೊರಬಂದವು, ನಾಲ್ಕು ಜೋಡಿ ಕೂಡಿದವು. ಮೊಟ್ಟೆ ಇಟ್ಟ ಹಾಳೆಯನ್ನು ಮೃಣಾಲಿನಿ ತಾವೇ ಎಣಿಸಿದರು: ಆರುನೂರ ಹದಿನಾಲ್ಕು. ಎಣಿಸಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಹನ್ನೊಂದನೆಯ ಬೆಳಿಗ್ಗೆ ಹಾಳೆಯ ಮೇಲೆ ಇರುವೆಗಿಂತ ಸಣ್ಣ ಕಪ್ಪು ಕೂದಲುಗಳು ಅಲುಗಾಡಿದವು.

ಹುಳುಗಳು ಮೊದಲ ಜ್ವರದಿಂದ ಎದ್ದವು. ಎರಡನೆಯದರಿಂದಲೂ ಎದ್ದವು. ಒಂದು ದಿನವೂ ಹೆಚ್ಚಿಲ್ಲ, ಒಂದು ದಿನವೂ ಕಡಿಮೆಯಿಲ್ಲ.

ಆ ಹೊತ್ತಿಗೆ ಜಯಶೀಲಳಿಗೇ ಜ್ವರ ಬಂತು. ಕೈಕಾಲಿನ ಕೀಲುಗಳೆಲ್ಲ ಬಿಗಿದುಕೊಂಡು, ಮಗ್ಗುಲು ಬದಲಿಸಲಿಕ್ಕೂ ಆಗದ ಜ್ವರ. “ಸೊಪ್ಪು, ಸೊಪ್ಪು” ಎಂದು ಕನವರಿಸುತ್ತಿದ್ದವಳ ಹಣೆಗೆ ಒದ್ದೆಬಟ್ಟೆ ಹಾಕಿ ತಿಮ್ಮರಾಜು ಹೇಳಿದ: “ಸುಮ್ನೆ ಮಲ್ಕೊ. ನಾನು ತಂದ್ಕೊಡ್ತೀನಿ. ಸೊಪ್ಪು ತರೋದು ನನಗೆ ಹೇಳ್ಕೊಡ್ಬೇಕಾ?”

ಮೂರು ದಿನ ಅವನೇ ತಂದುಕೊಟ್ಟ. ಸಣ್ಣತಾಯಮ್ಮ ಹುಳುವಿಗೆ ಹಾಕಿದಳು. ನಾಲ್ಕನೆಯ ದಿನ ಜಯಶೀಲ ಗೋಡೆ ಹಿಡಿದು ಎದ್ದು ಬಂದು ನೋಡಿದರೆ ಹುಳುಗಳು ಹೊಟ್ಟೆ ತುಂಬಿ ಮಲಗಿದ್ದವು. ಗಂಡನ ಮೇಲೆ ಅವಳಿಗೆ ಬಂದಷ್ಟು ಪ್ರೀತಿ ಮದುವೆಯಾದ ವರ್ಷದಲ್ಲೂ ಬಂದಿರಲಿಲ್ಲ.

*

ಕೀಲುನೋವು ಇಳಿಯುವ ತನಕ ಇನ್ನೂ ಐದಾರು ದಿನ ಸಾಬರ ಮನೆಯವರೇ ಸೊಪ್ಪು ಕಿತ್ತು ಕಳಿಸಿದರು. ಹುಳು ನಾಲ್ಕನೆಯ ಜ್ವರಕ್ಕೆ ಕೂತ ದಿನ ಸೊಪ್ಪು ಹಾಕುವಂತಿಲ್ಲ. ಆದರೂ ಮರುದಿನಕ್ಕೆ ಬೇಕಾದೀತೆಂದು ಜಯಶೀಲ ತಾನೇ ಅಮೀರ್‌ಜಾನ್ ಮನೆಗೆ ಹೋದಳು.

ಅವರು ಕುರ್ಚಿ ಹಾಕಿಕೊಂಡು ಮರದ ಕೆಳಗೆ ಕೂತಿದ್ದರು. ಪೊರಕೆ ಗೋಡೆಗೆ ಒರಗಿತ್ತು.

“ಬನ್ನಿ ತಾಯಿ, ಬನ್ನಿ. ನೀವು ಬಂದ ಗಳಿಗೆ ನಮ್ಮ ಮರಕ್ಕೆ ಒಳ್ಳೇದಾಯ್ತು. ಏಳೆಂಟು ದಿನ ಆಯ್ತು, ಒಂದು ಎಲೆ ಬಿದ್ದಿಲ್ಲ. ನನ್ನ ಸೊಂಟ ಬದುಕ್ತು.”

ಚಪ್ಪಡಿ ನಿಚ್ಚಳವಾಗಿತ್ತು. ಜಯಶೀಲ ತಲೆ ಎತ್ತಿದಳು. ಮರವೆಲ್ಲ ಒಂದೇ ಹಸಿರು. ಕೆಳಗಿನ ಕೊಂಬೆಯ ಹಳೆಯ ಎಲೆಯೂ ತುದಿಯ ಎಳೆಯ ಎಲೆಯೂ ಅಣ್ಣತಮ್ಮಂದಿರ ಹಾಗೆ ಹೊಳೆಯುತ್ತಿದ್ದವು. ಎದೆಯ ಎತ್ತರದಲ್ಲಿ ಮೂರು ಕೊಂಬೆಗಳು ಓರೆಯಾಗಿ, ಒಂದೇ ಏಟಿಗೆ, ಕಸುಬು ಬಲ್ಲವನ ಕೈಯಲ್ಲಿ ಕತ್ತರಿಸಿಕೊಂಡಿದ್ದವು.

“ಇದನ್ನ ಯಾರು ಕಡಿದಿದ್ದು ಸಾಬ್ರೆ?”

“ನಿಮ್ಮ ಯಜಮಾನ್ರೇ ಅಲ್ವಾ? ನಾನು ಜುಮ್ಮಾ ನಮಾಜಿಗೆ ಹೋಗಿದ್ದೆ, ಸೊಸೆ ಬಾಗಿಲು ತೆಗೆದ್ಲು. ಕಿತ್ತು ಕಿತ್ತು ಹಾಕೋಕೆ ಹೊತ್ತಾಗ್ತದೆ, ಮನೇಲಿ ಹೆಂಡ್ತಿ ಒಬ್ಳೇ ಮಲಗವ್ಳೆ ಅಂತ, ಕುಕ್ಕೆಯಿಂದ ಚಾಕು ತೆಗೆದು ಚಕಚಕ ಅಂತ ಕುಯ್ಕೊಂಡ್ರಂತೆ. ಕೆಲಸಗಾರ ಕಣಮ್ಮ.” ಅಮೀರ್‌ಜಾನ್ ಅವಳ ಮುಖ ನೋಡಿ ಕುರ್ಚಿಯಿಂದ ಅರ್ಧ ಎದ್ದರು. “ಯಾಕೆ ತಾಯಿ? ಏನಾಯ್ತು?”

ಅದೇ ಚಾಕುವಿನಲ್ಲಿ ಅವನು ಆ ಬೆಳಿಗ್ಗೆ ಇನ್ನೂರು ಕಟ್ಟು ಕೊತ್ತಂಬರಿಯ ಬೇರು ಕತ್ತರಿಸಿದ್ದಿರಬೇಕು. ಕತ್ತಿ ಮುಟ್ಟಿಸಬೇಡಿ ಎಂದು ಅವಳು ಸಾಬರಿಗೆ ಹೇಳಿದ್ದಳು, ಸಣ್ಣತಾಯಮ್ಮನಿಗೆ ಹೇಳಿದ್ದಳು. ಮನೆಯವನಿಗೆ ಹೇಳಿರಲಿಲ್ಲ. ಹೇಳಬೇಕಾಗಿ ಬಂದೀತೆಂದು ಎಣಿಸಿರಲಿಲ್ಲ; ಹೇಳಬೇಕಾದ ಹೊತ್ತಿನಲ್ಲಿ ಕನವರಿಸುತ್ತಿದ್ದಳು.

“ಏನಿಲ್ಲ ಸಾಬ್ರೆ,” ಎಂದಳು. “ಮರ ಚೆನ್ನಾಗಿದೆ.”

ಪ್ರಯೋಗಶಾಲೆಯಲ್ಲಿ ಆ ಎಲೆಯ ರಸಕ್ಕೆ ಅದ್ದಿದ, ಅಜರ ಪತ್ತೆಹಚ್ಚುವ ಕಾಗದದ ಪಟ್ಟಿ ಒಂದು ನಿಮಿಷವೂ ಕಾಯಲಿಲ್ಲ, ನೀಲಿಯಾಯಿತು. ಮೃಣಾಲಿನಿ ಅದನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ ಕೈ ಜೋಡಿಸಿಕೊಂಡು ಕೂತರು.

“ಈ ಹುಳವೂ ಹನ್ನೊಂದನೇ ದಿನಕ್ಕೋ ಹನ್ನೆರಡಕ್ಕೋ ಐದನೇ ಜ್ವರಕ್ಕೆ ಕೂರುತ್ತೆ,” ಎಂದರು. “ಇವುಗಳ ಅಪ್ಪ ಅಮ್ಮ ಅದೇ ತಳಿ ಅಲ್ವಾ, ನಾವು ಆರಿಸಿದ್ದು. ಇನ್ನು ಏನೂ ಬದಲಾಗೋದಿಲ್ಲ. ಬೆಳಿಗ್ಗೆ ಇವು ಎದ್ದ ಕೂಡಲೇ ಎಲ್ಲಾನೂ ಸ್ಪಿರಿಟ್ ಸೀಸೆಗೆ ಹಾಕಿಬಿಡೋಣ. ಕೂತಲ್ಲೇ ಕಪ್ಪಾಗಿ ಸಾಯೋದಕ್ಕಿಂತ ವಾಸಿ. ಆಕಾರ ಕೆಡದೆ ಉಳಿಯುತ್ತೆ, ಮುಂದೆ ಯಾರಾದರೂ ನೋಡಬೇಕು ಅಂದರೆ ಇರುತ್ತೆ. ನಿಮಗೆ ಆಗದಿದ್ದರೆ ನಾನೇ ಹಾಕ್ತೀನಿ. ಯಾರಿಂದ ಹೀಗಾಯ್ತು ಅಂತ ನಾನು ಕೇಳೋದಿಲ್ಲ.”

ಜಯಶೀಲಳೂ ಹೇಳಲಿಲ್ಲ.

*

ಬೆಳಿಗ್ಗೆ ಹತ್ತರ ಹೊತ್ತಿಗೆ ಹುಳುಗಳು ಎದ್ದವು. ಐನೂರ ಎಂಬತ್ತು ಹುಳುಗಳು ಒಂದು ಗಂಟೆಯ ಅಂತರದೊಳಗೆ, ಹಳೆಯ ಪೊರೆಯಿಂದ ಸರಿದು, ಸುಕ್ಕುಸುಕ್ಕಾದ ಹೊಸ ಮೈಯಲ್ಲಿ, ದೊಡ್ಡ ತಲೆಗಳನ್ನೆತ್ತಿ ಗಾಳಿಯಲ್ಲಿ ಆಡಿಸುತ್ತ ಬಾಯಿಗೆ ಏನಾದರೂ ತಗಲೀತೇ ಎಂದು ಹುಡುಕತೊಡಗಿದವು. ಅಷ್ಟು ಒಟ್ಟಿಗೆ, ಅಷ್ಟು ಚೊಕ್ಕವಾಗಿ ಎದ್ದ ಹುಳುವನ್ನು ಸಣ್ಣತಾಯಮ್ಮ ತನ್ನ ಕಾಲದಲ್ಲಿ ನಾಲ್ಕೈದು ಸಲ ನೋಡಿದ್ದಳಷ್ಟೆ.

ಗೂಡಿನ ಕೋಣೆಯ ಮೇಜಿನ ಮೇಲೆ ಮೃಣಾಲಿನಿ ಸೀಸೆಗಳನ್ನು ಸಾಲಾಗಿ ಇಟ್ಟಿದ್ದರು. ಮುಚ್ಚಳಗಳನ್ನು ತೆಗೆದಿಟ್ಟು ಕಾಯುತ್ತಿದ್ದರು. ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು.

ಜಯಶೀಲ ಒಂದು ಹುಳುವನ್ನು ಎತ್ತಿಕೊಂಡಳು. ಅದು ಅವಳ ಬೆರಳ ಸಂದಿಯಲ್ಲಿ ಬಾಯಾಡಿಸಿತು. ಚರ್ಮವನ್ನು ಒಂದು ಸಲ ಕಚ್ಚಿ ನೋಡಿ, ಇದಲ್ಲ ಎಂದುಕೊಂಡು ಮತ್ತೆ ತಲೆಯೆತ್ತಿತು. ಲಿಖಿತಾ ಹುಟ್ಟಿದ ದಿನ ಹಾಲಿನ್ನೂ ಇಳಿದಿರಲಿಲ್ಲ. ಆ ಕೂಸೂ ಹೀಗೇ ಸಿಕ್ಕ ಕಡೆಗೆಲ್ಲ ಬಾಯಿ ಆಡಿಸಿತ್ತು. ಎಷ್ಟು ದಿನ ಬದುಕುತ್ತೀಯ ಎಂದು ಕೇಳಿಕೊಂಡು ಯಾರೂ ಹಾಲು ಕೊಡುವುದಿಲ್ಲ.

ಅವಳು ಹುಳುವನ್ನು ತಟ್ಟೆಗೆ ಬಿಟ್ಟು, ಒದ್ದೆ ಗೋಣಿ ಸರಿಸಿ, ಸಾಬರ ಮರದ ಹಸಿರು ಸೊಪ್ಪನ್ನು ತೋಳಿನ ತುಂಬ ತಬ್ಬಿ ತಂದಳು. ಸಣ್ಣತಾಯಮ್ಮ ಬಾಗಿಲ ಕಡೆ ಒಮ್ಮೆ ನೋಡಿದಳು. ಮೃಣಾಲಿನಿ ಬಾಗಿಲಲ್ಲಿ ನಿಂತಿದ್ದರು. ಬೇಡವೆನ್ನಲಿಲ್ಲ. ತಿರುಗಿ ಹೋಗಿ ಸೀಸೆಗಳಿಗೆ ಒಂದೊಂದಾಗಿ ಮುಚ್ಚಳ ಹಾಕುವ ಸದ್ದು ಕೇಳಿಸಿತು.

“ತೆಳ್ಳಗೆ ಹಾಕವ್ವಾ,” ಎಂದಳು ಸಣ್ಣತಾಯಮ್ಮ. “ಜ್ವರ ಎದ್ದವು, ಮೊದಲ ಸಲಕ್ಕೆ ಜಾಸ್ತಿ ಕೊಡ್ಬಾರ್ದು.”

ಇಬ್ಬರೂ ತೆಳ್ಳಗೆ ಹಾಕಿದರು. ಹುಳುಗಳು ಎಲೆಯ ಅಂಚಿಗೆ ಬಾಯಿ ಕೊಟ್ಟವು.

ಸಂಜೆ ಐದೂವರೆಗೆ ಸ್ಕೂಟರಿನ ಸದ್ದಾಯಿತು. ತಿಮ್ಮರಾಜು ಒಳಗೆ ಬರುವಂತಿಲ್ಲ, ಹುಳುವಿನ ಮನೆಗೆ ಹೊರಗಿನವರು ಕಾಲಿಡಬಾರದು. ಗೇಟಿನ ಹತ್ತಿರವೇ ನಿಂತು ಕತ್ತು ಚಾಚಿದ.

“ಎದ್ವಾ?”

“ಎದ್ದವೆ.”

“ತಿಂತಾವಾ?”

“ತಿಂತಾವೆ. ಚೆನ್ನಾಗಿ.”

“ಮತ್ತೆ? ಮೂರ್ ದಿನ ನಾನು ಸಾಕಿದ್ದಲ್ವಾ?” ಸ್ಕೂಟರಿನ ಸೀಟಿನ ಮೇಲಿನ ದೂಳನ್ನು ಹೆಗಲ ಟವೆಲಿನಿಂದ ಅವಳಿಗಾಗಿ ಒರೆಸಿದ. “ಇವು ಗೂಡು ಕಟ್ಟಿದ್ ದಿನ ಪಾಪುನ ಕರ್ಕೊಂಡ್ಬತ್ತೀನಿ. ನಮ್ಮಪ್ಪನೂ ಒಂದ್ ಕೈ ಹಾಕಿತ್ತು ಅಂತ ಗೊತ್ತಾಗ್ಲಿ ಅದಕ್ಕೆ. ಆಯ್ತಾ?”

“ಹೂಂ,” ಎಂದು ಜಯಶೀಲ ಹಿಂದೆ ಹತ್ತಿ ಕೂತಳು. ಅವನ ಭುಜ ಹಿಡಿದುಕೊಂಡಳು. ರಸ್ತೆಯ ಎರಡೂ ಬದಿ ಹೊಂಗೆಗಳು ಒಂದೆಲೆಯನ್ನೂ ಬಿಡದೆ ನಿಂತಿದ್ದವು.

“ನಾಳೆ ನನ್ನ ಆರಕ್ಕೇ ಬಿಟ್ಬಿಡಿ,” ಎಂದಳು. “ಇನ್ನು ದಿನಕ್ಕೆ ಐದು ಸಲ ಹಾಕ್ಬೇಕು.”